ಸೀಮೆ ಹಸು ಗೆದ್ದ ಜ್ವರ

ಗುಂಡ್ಲುಪೇಟೆಯಿಂದ ಟೆಂಪೋದಲ್ಲಿ ತಂದ ಸೀಮೆ ಹಸು, ಹರದನಹಳ್ಳಿಯ ನಮ್ಮ ಕೊಟ್ಟಿಗೆಗೆ ಬಂದ ಮೂರನೇ ವಾರಕ್ಕೆ ಮೇವು ಬಿಟ್ಟಿತು. ಮೈ ಸುಡುತ್ತಿತ್ತು. ಭುಜದ ಮುಂದೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಪಕ್ಕದ ಗೂಟದ ನಾಟಿ ಹಸು ಮಾತ್ರ ಆರಾಮವಾಗಿ ಮೆಲುಕು ಹಾಕುತ್ತಿತ್ತು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು, ಕಿವಿಯ ಹಿಂದೆ ಕಚ್ಚಿಕೊಂಡಿದ್ದ ಉಣ್ಣೆ ಹುಳಗಳನ್ನು ನೋಡಿದರು. ಗಂಟಿನಿಂದ ಸೂಜಿಯಲ್ಲಿ ಒಂದು ಹನಿ ರಸ ತೆಗೆದರು.

ಮಧ್ಯಾಹ್ನ ಅತ್ತೆಯೂ ನಾನೂ ಆಸ್ಪತ್ರೆಗೆ ಹೋದಾಗ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ನೇರಳೆ ಬಣ್ಣದ ದುಂಡು ಕಣ, ಅದರೊಳಗೆ ಚುಕ್ಕಿ ಚುಕ್ಕಿ.

"ಆ ಚುಕ್ಕಿಗಳೇ ಉಣ್ಣೆ ಜ್ವರದ ಪರಾವಲಂಬಿ. ರೋಗದ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣದೊಳಗೇ ಹೊಕ್ಕು ಕೂತಿದೆ."

"ಒಳಗೇ ಅವಿತ್ಕೊಂಡ್ರೆ ಮೈಗೆ ಗೊತ್ತಾಗೋದು ಹೆಂಗೆ ಮೇಡಂ?"

"ಪ್ರತಿ ಕಣವೂ ತನ್ನೊಳಗೆ ಇರೋದರ ಚೂರುಪಾರನ್ನ ಹೊರಮೈಯಲ್ಲಿ ತೋರಿಸ್ತಾ ಇರುತ್ತೆ. ಅದರಲ್ಲಿ ಪರಾವಲಂಬಿಯ ಚೂರು ಕಂಡರೆ, ಗುರುತು ಹಿಡಿಯೋ ಬೇರೆ ಬಿಳಿ ಕಣಗಳು ಬಂದು ಆ ಕಣವನ್ನೇ ಕೊಲ್ತವೆ. ಅಂಥವು ಸಾಕಷ್ಟು ಬೆಳೆಯೋಕೆ ದಿನ ಬೇಕು. ಅಲ್ಲಿವರೆಗೆ ಇಂಜೆಕ್ಷನ್ನೇ ಹಸೂನ ಕಾಪಾಡಬೇಕು."

ಅತ್ತೆ ಸುಮ್ಮನಿರಲಿಲ್ಲ. "ಅದೇ ಉಣ್ಣೆ ನಮ್ ನಾಟಿ ಅಸೀಗೂ ಕಚ್ತದಲ್ಲ ಡಾಕ್ಟ್ರಮ್ಮ, ಅದ್ಯಾಕ ಮಲಗ್ನಿಲ್ಲ?"

"ಒಳ್ಳೇ ಪ್ರಶ್ನೆ ಅವ್ವಾ! ನಾಟಿ ತಳಿಗೆ ತಡೆಯೋ ಶಕ್ತಿ ಜಾಸ್ತಿ. ಜೊತೆಗೆ ಕರುವಾಗಿದ್ದಾಗಲೇ ಕಚ್ಚಿಸಿಕೊಂಡು ಅದರ ಮೈ ಕಲಿತಿದೆ."

ಸಂಜೆ ಬಂದು ಕುತ್ತಿಗೆಗೆ ಇಂಜೆಕ್ಷನ್ ಕೊಟ್ಟು ಹೋದರು. ಎರಡು ದಿನ ಹಸು ತಲೆ ಎತ್ತಲಿಲ್ಲ. ನಾನು ಬಕೆಟ್ಟು ಹಿಡಿದು ನೀರು ಕುಡಿಸಲು ಹೆಣಗಿದೆ. ಒಳಗೆ ಆ ಕಣಗಳು ಬೆಳೆಯುತ್ತಿವೆಯೋ ಇಲ್ಲವೋ, ಹೊರಗಿನಿಂದ ತಿಳಿಯುವಂತಿರಲಿಲ್ಲ. ಅದರ ಹಣೆ ಸವರುತ್ತಾ ಅತ್ತೇಬಿಟ್ಟೆ.

ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಕೊಟ್ಟಿಗೆಯಿಂದಲೇ ಕೂಗಿದರು: "ಬಾರಮ್ಮಿ ಬ್ಯಾಗ! ಮೇವ್ಗ ಬಾಯಾಕ್ಬುಡ್ತು ಕಣಮ್ಮಿ!"

ಓಡಿಹೋಗಿ ನೋಡಿದರೆ ಹಸು ಜೋಳದ ಕಡ್ಡಿಯನ್ನು ಕಿತ್ತು ಕಿತ್ತು ತಿನ್ನುತ್ತಿತ್ತು. ಹದಿನೈದು ದಿನಗಳಲ್ಲಿ ಗಂಟು ಕರಗಿತು.

ಮರುವರ್ಷ ಎಷ್ಟು ಉಜ್ಜಿ ತೊಳೆದರೂ ಉಣ್ಣೆಗಳು ಹತ್ತಿದವು. ಜ್ವರ ಮಾತ್ರ ಬರಲಿಲ್ಲ. "ಈಗ ಇದರ ಮೈಗೂ ಗುರುತು ಸಿಕ್ಕಿದೆ" ಎಂದರು ಡಾಕ್ಟರಮ್ಮ.

ಅಂದು ಹಾಲಿನ ಡೈರಿಯಲ್ಲಿ ಅತ್ತೆ ಸೆರಗು ಬಿಗಿದು ನಿಂತು, ಹಾಲು ಅಳೆಯುವವನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗುವಂತೆ ಹೇಳಿದರು: "ಒಳಗ ಅವ್ತಿದ್ದ ಕಳ್ಳನ್ನೂ ಉಡ್ಕಿ ಒಡ್ದದ ಕಣ್ಲಾ, ನಮ್ ಅಸ!"