ಹಗ್ಗದ ಒಳಗೆ ನಿಂತ ಬಸ್ಸು

ಫಳ್ನೀರಿನ ನಮ್ಮ ಓಣಿಯಲ್ಲಿ ಇಸ್ತ್ರಿಯವನು ಈಗಲೂ ಪೆಟ್ಟಿಗೆಗೆ ಕೆಂಡ ತುಂಬುತ್ತಾನೆ. ಮೊನ್ನೆ ಬೆಳಿಗ್ಗೆ ಆ ಇದ್ದಿಲಿನ ಹೊಗೆ ಕಿಟಕಿಯಿಂದ ಒಳಗೆ ಬಂತು. ನಮ್ಮ ಶಾಲೆಗೆ ಬರುತ್ತಿದ್ದ ಬಸ್ಸು ನೆನಪಾಯಿತು, ಅದರ ಡ್ರೈವರು ನೆನಪಾದರು...

ಮಹಾಯುದ್ಧ ಮುಗಿದ ಹೊಸತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಎಂಜಿನ್ ಒಮ್ಮೆ ನಿಂತರೆ ಮತ್ತೆ ಹೊರಡಲು ಕಾಲು ಗಂಟೆ ಬೇಕು. ನಾನು ಹುಡುಗಿಯರ ಶಾಲೆಗೆ ಟೀಚರಾಗಿ ಸೇರಿ ಆರು ತಿಂಗಳಾಗಿತ್ತು; ಕೆಲಸ ಖಾಯಂ ಆಗಿರಲಿಲ್ಲ. ಅಪ್ಪ ಇಲ್ಲದ ಮನೆಗೆ ನಾನೇ ಆಧಾರ. ಡ್ರೈವರು ನಡುಪ್ರಾಯದ ಕೊಂಕಣಿ ಕ್ರೈಸ್ತರು. ಊರಿನ ವಾಡಿಕೆಯಂತೆ ನಾನು ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆ.

ಊರ ಹೊರಗಿನ ಪದವಿನಲ್ಲಿ, ಅಂದರೆ ಮುರಕಲ್ಲಿನ ಎತ್ತರದ ಬಯಲಿನಲ್ಲಿ, ಎರಡು ಸೀಟಿನ ವಿಮಾನವೊಂದು ಇಳಿಯುತ್ತದೆಂದು ಸುದ್ದಿಯಾಯಿತು. ಮಕ್ಕಳನ್ನು ಅದೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬಯಲಿನ ಸುತ್ತ ಹಗ್ಗ ಕಟ್ಟಿದ್ದರು. ವಾಹನಗಳು ಅದರಿಂದ ಹೊರಗೆ ನಿಲ್ಲಬೇಕಿತ್ತು. ಜನರ ನಡುವೆ ನಮ್ಮ ಹುಡುಗಿಯರಿಗೆ ಏನೂ ಕಾಣುತ್ತಿರಲಿಲ್ಲ.

“ಪೊರ್ಬುಗಳೇ, ಆಚೆ ಮೂಲೆಯಲ್ಲಿ ಹಗ್ಗ ಇಲ್ಲ. ಸ್ವಲ್ಪ ಒಳಗೆ ತಗೊಳ್ಳಿ.”

“ಬೇಡ ಟೀಚರೇ. ವಿಮಾನ ಎಲ್ಲಿಗೆ ಬರ್ತದೆ ಅಂತ ಯಾರಿಗೆ ಗೊತ್ತುಂಟು?”

ನಾನು ಮತ್ತೆ ಮತ್ತೆ ಹೇಳಿದೆ. ಅವರು ಬಸ್ಸನ್ನು ಒಳಗೆ ತಂದು, ಮೂತಿ ಏರಿನ ಕಡೆಗಿಟ್ಟು, ಎಂಜಿನ್ ನಿಲ್ಲಿಸಿದರು.

ವಿಮಾನ ಚೆನ್ನಾಗಿಯೇ ಇಳಿಯಿತು. ನೆಲದ ಮೇಲೆ ಉರುಳುತ್ತಾ ಬಂದದ್ದು ಇದ್ದಕ್ಕಿದ್ದಂತೆ ನಮ್ಮತ್ತ ತಿರುಗಿತು. ಮೂಗು ಮೇಲೆತ್ತಿದ್ದ ಆ ವಿಮಾನದಲ್ಲಿ ಕೂತವನಿಗೆ ಮುಂದಿನದು ಕಾಣುತ್ತಿರಲಿಲ್ಲವಂತೆ, ಆಮೇಲೆ ತಿಳಿಯಿತು. ಮೂಗಿನಲ್ಲಿ ತಿರುಗುವ ಪಂಖ ನೇರವಾಗಿ ಮಕ್ಕಳು ಕೂತಿದ್ದ ಕಿಟಕಿಗಳ ಕಡೆಗೇ ಬರುತ್ತಿತ್ತು.

ಡ್ರೈವರು ಹ್ಯಾಂಡ್‌ಬ್ರೇಕ್ ಬಿಟ್ಟರು. ಬಸ್ಸು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿತು. ಹಿಂದೆ ಸರಿದಷ್ಟೂ ಪಂಖದ ಎದುರಿಗೆ ಬರುವುದು ತಮ್ಮ ಸೀಟೇ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ಹೊರಗೆ ಹಾರದೆ ಸ್ಟೀರಿಂಗ್ ಹಿಡಿದೇ ಕೂತರು... ಮರ ಸೀಳಿದ ಸದ್ದು, ಗಾಜು, ಧೂಳು. ಹುಡುಗಿಯರಲ್ಲಿ ಒಬ್ಬಳಿಗೂ ಪೆಟ್ಟಾಗಲಿಲ್ಲ. ಪೈಲಟ್ ಕೂಡ ಉಳಿದ. ಡ್ರೈವರ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲೇ ನಡೆದ ವಿಚಾರಣೆಯಲ್ಲಿ, ಬಸ್ಸನ್ನು ಒಳಗೆ ತಂದದ್ದು ಯಾಕೆಂದು ಕೇಳಿದಾಗ ಅವರು, “ನನಗೇ ನೋಡುವ ಆಸೆ ಆಯಿತು” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಾತಾಡಲಿಲ್ಲ. ಬಸ್ಸಿನ ಮಾಲಕರು ಅವರನ್ನು ಕೆಲಸದಿಂದ ತೆಗೆದರು.

ಆಸ್ಪತ್ರೆಯಲ್ಲಿ ನಾನು ಅತ್ತಾಗ ಅವರಿಗೆ ಮುಜುಗರವಾಯಿತು. “ಸ್ಟೀರಿಂಗ್ ನನ್ನ ಕೈಯಲ್ಲಿ ಇತ್ತಲ್ಲ ಟೀಚರೇ. ನೀವು ಹೋಗಿ ಪಾಠ ಮಾಡಿ. ಮಕ್ಕಳು ಕಾಯ್ತಾರೆ.”

ಅವರು ಹೊಳೆಯಾಚೆಯ ಬೆಂಗ್ರೆಯ ದೋಣಿಗಳಿಗೆ ಸಾಮಾನು ಹೊರುತ್ತಿದ್ದಾರೆಂದು ಮರುವರ್ಷ ಕೇಳಿದೆ. ಕೇಳಿದ ಮರುದಿನವೇ ಮಾಲಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಮಾಲಕರು, “ಅವರಿಗೆ ಬರಲಿಕ್ಕೆ ಹೇಳಿ” ಎಂದರು. ಡ್ರೈವರಿಗೆ ಬಸ್‌ಸ್ಟ್ಯಾಂಡಿನಲ್ಲಿ ಹೊತ್ತು ನೋಡಿ ಬಸ್ಸು ಬಿಡುವ ಕೆಲಸ ಸಿಕ್ಕಿತು. ಶಾಲೆಯಲ್ಲಿ ನನಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಯಾಕೆ ಹೇಳಿದಿರಿ ಎಂದು ಡ್ರೈವರು ನನ್ನೊಡನೆ ಕೆಲವು ದಿನ ಮಾತು ಬಿಟ್ಟಿದ್ದರು.

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ನಾನಾಗ ಊರಲ್ಲಿರಲಿಲ್ಲ; ಮಣ್ಣಿಗೂ ಹೋಗಲಾಗಲಿಲ್ಲ. ಆ ಬಸ್ಸಿನಲ್ಲಿದ್ದ ಹುಡುಗಿಯರು ಈಗ ಅಜ್ಜಿಯರು. ಒಬ್ಬಳು ಕೊಟ್ಟಾರದಿಂದ ಆಗಾಗ ಬಂದು ಹೋಗುತ್ತಾಳೆ. ಅವಳು ಮೆಟ್ಟಿಲಿಳಿದು ಹೋಗುವಾಗ, ಇವಳನ್ನು ಅವರಿಗೊಮ್ಮೆ ತೋರಿಸಬೇಕಿತ್ತು ಅನ್ನಿಸುತ್ತದೆ...