ಭಾರ ಬೀಳ್ಲಿ ಸಾ

ನಂಜನಗೂಡಿನಲ್ಲಿ ನನ್ನ ಹಳೆಯ ಐಷಾರಾಮಿ ಕಾರನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್, ಯಾರು ಆತುರಪಡಿಸಿದರೂ "ಭಾರ ಬೀಳ್ಲಿ ಸಾ" ಎನ್ನುತ್ತಿದ್ದ. ಕಾರನ್ನು ಜಾಕಿಯಿಂದ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ನಂತರವೇ ಬೋಲ್ಟುಗಳನ್ನು ಪೂರ್ತಿ ಬಿಗಿಯುತ್ತಿದ್ದ. ಬಿಗಿದದ್ದಕ್ಕೆಲ್ಲ ಗುರುತಿಗೆಂದು ಹೆಂಡತಿಯ ನೇಲ್ ಪಾಲಿಶ್‌ನ ಚುಕ್ಕೆ ಇಡುತ್ತಿದ್ದ.

ಮುಂಭಾಗದಲ್ಲಿ ಚಕ್ರಗಳನ್ನು ಹಿಡಿದಿಡುವ, ಸವೆದ ಸಸ್ಪೆನ್ಷನ್ ಆರ್ಮ್‌ಗಳನ್ನು ಬದಲಿಸುತ್ತಿದ್ದಾಗ ತಿ. ನರಸೀಪುರದ ಆಸ್ಪತ್ರೆಯಿಂದ ಅವನ ಹೆಂಡತಿಯ ಫೋನು ಬಂತು. "ಮಗ್ಳಿಗೆ ಎರ್ಗೆ ಕಷ್ಟ ಆಗೈತೆ. ನಿಮ್ ರಕ್ತ ಬೇಕಂತೆ, ಬಿರ್ನೆ ಬನ್ನಿ!"

ಹೋಗಲು ಬೇರೆ ಗಾಡಿಯಿರಲಿಲ್ಲ. "ಅಷ್ಟು ಬಿಗಿ ಸಾಕು, ನಡಿಯಯ್ಯಾ!" ಎಂದೆ.

"ಭಾರ ಬೀಳ್ಲಿ ಸಾ. ದಾರೀಲಿ ಚಕ್ರ ಕಳಚ್ಕಂಡ್ರೆ ಅವ್ಳ ಗತಿ ಏನು?"

ಕಾರು ಇಳಿಸಿ, ಅಡಿಯಲ್ಲಿ ಮಲಗಿ ಒಂದೊಂದನ್ನೂ ಬಿಗಿದ. ಫೋನು ಮತ್ತೆ ಮತ್ತೆ ಬಡಿದುಕೊಂಡರೂ ಒಂದು ಚುಕ್ಕೆಯನ್ನೂ ಬಿಡಲಿಲ್ಲ.

ಎದ್ದವನೇ ಕೀಲಿಯನ್ನು ನನ್ನ ಕೈಗಿಟ್ಟ.

"ನೀವೇ ಓಡ್ಸಿ ಸಾ, ನಂಗೆ ಕೈ ನಿಲ್ತಿಲ್ಲ."