ಮೊಲದ ಬೇಟೆಗೆ ಯಾವ ಬಿಲ್ಲು?

ಬಸ್ಸಿನಲ್ಲಿ ಇಂಗ್ಲಿಷ್ ಪುಸ್ತಕ ತೆರೆಯಬಾರದೆಂದು ನನಗೆ ಆವತ್ತು ಗೊತ್ತಾಯಿತು. ಆಂಧ್ರದ ಆದವಾನಿ ದಾಟಿದ್ದೇ ತಡ, ಆಚೆ ಸೀಟಿನ ಹಿರಿಯರೊಬ್ಬರು ತಮ್ಮ ಫೋನನ್ನು ನನ್ನ ಪುಸ್ತಕದ ಮೇಲೆಯೇ ಇಟ್ಟರು.

“ಯವ್ವಾ, ಇವೆರಡರಾಗ ಯಾವುದು ಚಲೋ ಐತಿ, ಓದಿ ಹೇಳು.”

ಎರಡೂ ಕ್ರಾಸ್‌ಬೋ, ಬಂದೂಕಿನಂತೆ ಹಿಡಿದು ಬಾಣ ಬಿಡುವ ಬಿಲ್ಲುಗಳು. ಯುಗಾದಿಯ ಮರುದಿನ ಅವರೂರಿನ ಗಂಡಸರೆಲ್ಲ ಮೊಲದ ಬೇಟೆಗೆ ಹೋಗುತ್ತಾರಂತೆ. ಹೋದ ವರ್ಷ ಬರಿಗೈಲಿ ಬಂದಾಗ ಹೆಂಗಸರು ಬಳೆ ತೊಡಿಸಲು ಬಂದಿದ್ದರಂತೆ.

“ಕಾಕಾ, ಬೇಟೆಯಾಡಿದರ ಕೇಸ್ ಆಗ್ತದ,” ಅಂದೆ.

“ಕೇಸ್ ಬಿಡವ್ವಾ, ಬಿಲ್ಲಿಂದು ಹೇಳು.”

ಇಂಗ್ಲಿಷಿನಲ್ಲಿದ್ದ ವಿವರ ಓದಿದೆ. ಒಂದು ಹಗುರ, ಸದ್ದು ಕಡಿಮೆ. ಇನ್ನೊಂದು ಭಾರ, ಏಟು ಬಹಳ ಜೋರು. ನಾನು ಯಾವುದನ್ನು ಹೇಳಿದರೂ ಅವರು ಅಲ್ಲೇ ಆರ್ಡರ್ ಮಾಡುವವರು. ಒತ್ತಲು ಬೆರಳು ಆಗಲೇ ಎತ್ತಿದ್ದರು.

“ಬೇಟೆಯಾಗ ಹೆಂಗ ನಿಲ್ತೀರಿ?” ಹೊತ್ತು ತಳ್ಳಲು ಕೇಳಿದೆ.

“ಪೊದಿ ಸುತ್ತ, ದುಂಡಗ, ಬಡಿಗಿ ಹಿಡಕೊಂಡು.”

“ಹಂಗಾದರ ಮೊಲ ತಪ್ಪಿಸಿಕೊಂಡರ ಬಾಣ ಎದುರಿನವರಿಗೆ ಬಡೀತದಲ್ಲ ಕಾಕಾ? ನಿಮ್ಮೆದುರಿಗೆ ಯಾರು ನಿಲ್ತಾರ?”

ಅವರು ಯೋಚಿಸಿದರು. “ನನ್ ಹೆಂಡ್ತಿ ಅಣ್ಣ.”

ಸದ್ಯ, ಅರ್ಥವಾಯಿತಲ್ಲ ಎಂದು ನಾನು ಉಸಿರುಬಿಟ್ಟೆ. ಅವರು ಫೋನನ್ನು ಇನ್ನಷ್ಟು ಹತ್ತಿರ ತಂದರು.

“ಏಟು ಜೋರು ಅಂದೆಲ್ಲ, ಅದು ಯಾವುದು?”

ಬಸ್ಸೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ. ನಾನು ಪುಸ್ತಕ ಮುಚ್ಚಿ, ಯಾವುದೋ ಗೊತ್ತಿಲ್ಲದ ಊರಲ್ಲಿ ಇಳಿದುಬಿಟ್ಟೆ.

ಈಗ ಬಸ್ಸಿನಲ್ಲಿ ತೆಲುಗು ಪೇಪರ್ ಹಿಡಿದು ಕೂರುತ್ತೇನೆ. ಅದನ್ನು ಎಲ್ಲರೂ ತಾವೇ ಓದಿಕೊಳ್ಳುತ್ತಾರೆ.